ವಠಾರಕ್ಕೆ ಬಂದ ಶಾಲೆ

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಈ ನಡುವೆ ಪತ್ರಿಕೆ, ಟಿ.ವಿ.ಗಳಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಫೋನ್ ಇದ್ದವರ ಮನೆಯ ಚರ್ಚೆ: ಮಗುವಿನ ಕಣ್ಣಿಗೇನಾದೀತು, ಶುಲ್ಕ ಪೂರ್ತಿ ಕಟ್ಟಬೇಕೇ, ಇತ್ಯಾದಿ. ಫೋನೇ ಇಲ್ಲದ ಮನೆಯ ಮಗುವಿನ ಗತಿಯೇನು ಎಂಬ ಪ್ರಶ್ನೆಯಿಂದ ಹೊರಟದ್ದು ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’. ಕೊರೋನಾ ಕಾಲದಲ್ಲಿ ನಮ್ಮ ಶಿಕ್ಷಣ ಇಲಾಖೆ ಯೋಚಿಸಿದ್ದರಲ್ಲಿ ಅತ್ಯಂತ ವಿವೇಕದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಅದನ್ನು ನಡೆಸಿದ ರೀತಿಗೆ ಮಾತ್ರ ಅದೇ ಅಂಕ ಕೊಡಲಾರೆ.

ಯೋಜನೆಯ ಮೊದಲ ಕೆಲಸವೇ ಲೆಕ್ಕ ಹಾಕುವುದು. ಯಾವ ಸಾಧನವೂ ಇಲ್ಲದ ಮಕ್ಕಳು, ಇಂಟರ್‌ನೆಟ್ ಇಲ್ಲದ ಫೋನ್ ಇರುವವರು, ಸ್ಮಾರ್ಟ್‌ಫೋನೋ ಕಂಪ್ಯೂಟರೋ ಇರುವವರು ಎಂದು ಮೂರು ಗುಂಪು. ಒಂದೊಂದು ಗುಂಪಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರು. ಅವರು ಮಕ್ಕಳಿದ್ದ ಕಡೆಗೇ ಹೋಗಿ ಅರಳೀಕಟ್ಟೆ, ಸಮುದಾಯ ಭವನ, ಗುಡಿಯ ಪ್ರಾಂಗಣ, ಯಾರದೋ ಮನೆಯ ಪಡಸಾಲೆ, ಹೀಗೆ ಸಿಕ್ಕ ಜಾಗದಲ್ಲಿ ಪಾಠ ಮಾಡಬೇಕು. ‘ವಠಾರ ಶಾಲೆ’ ಎಂಬ ಹೆಸರು ಬಂದದ್ದು ಹೀಗೆ.

ಈ ವಿಂಗಡಣೆ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡ ಮಾತು. ಮನೆಗೊಂದು ಸ್ಮಾರ್ಟ್‌ಫೋನ್ ಇದೆ ಎಂದರೆ ಮಗುವಿಗೊಂದು ಇದೆ ಎಂದಲ್ಲ. ಅಪ್ಪ ಬೆಳಿಗ್ಗೆ ಕೂಲಿಗೋ ಗಾರೆ ಕೆಲಸಕ್ಕೋ ಹೊರಟರೆ ಫೋನೂ ಅವನ ಜೇಬಿನಲ್ಲೇ ಹೊರಡುತ್ತದೆ. ಸಂಜೆ ಮರಳಿ ಬಂದಾಗ ಕರೆನ್ಸಿ ಮುಗಿದಿರುತ್ತದೆ, ಇಲ್ಲವೇ ಅಣ್ಣನ ಕೈ ಸೇರಿರುತ್ತದೆ. ದೂರದರ್ಶನದ ‘ಚಂದನ’ದಲ್ಲಿ ಪಾಠಗಳು ಬಂದವು, ಒಳ್ಳೆಯ ಪಾಠಗಳೇ. ಆದರೆ ‘ಸಾರ್, ಇದು ಅರ್ಥವಾಗಲಿಲ್ಲ’ ಎಂದರೆ ಟಿ.ವಿ. ನಿಲ್ಲುವುದಿಲ್ಲ. ಮರದಡಿ ಎದುರಿಗೆ ಕೂತ ಮೇಷ್ಟ್ರು ಮಗುವಿನ ಮುಖ ನೋಡಿಯೇ ಪಾಠವನ್ನು ಮತ್ತೆ ಹಿಂದಿನಿಂದ ಶುರು ಮಾಡಬಲ್ಲರು. ಮನೆಯೊಳಗೇ ತಿಂಗಳುಗಟ್ಟಲೆ ಉಳಿದ ಮಗುವಿನ ಮನಸ್ಸಿಗೆ ಓರಗೆಯವರ ಪಕ್ಕ ಕೂರುವುದೇ ಅರ್ಧ ಔಷಧಿ. ಪಠ್ಯದ ಎಷ್ಟು ಘಟಕ ಮುಗಿಯಿತು ಎಂಬ ಲೆಕ್ಕದಲ್ಲಿ ಇದು ಸೇರುವುದಿಲ್ಲ.

ಇಷ್ಟಾಗಿಯೂ ಆದೇಶ ಬರೆದವರು ಊರನ್ನು ದೂರದಿಂದ ನೋಡಿದ್ದರು ಎನಿಸುತ್ತದೆ. ಆಗಸ್ಟ್ ಎಂದರೆ ಮಲೆನಾಡು, ಕರಾವಳಿಗಳಲ್ಲಿ ಜಡಿಮಳೆ. ಅಲ್ಲಿ ಬಯಲಿನ ಪಾಠ ನಡೆಯುವುದಾದರೂ ಹೇಗೆ? ಗುಡಿಯ ಜಗುಲಿ ಎಲ್ಲರದೂ ಎಂದು ಸುತ್ತೋಲೆ ನಂಬಬಹುದು, ಎಲ್ಲ ಊರುಗಳೂ ಹಾಗೆ ನಂಬುವುದಿಲ್ಲ. ಸರ್ಕಾರಿ ಶಾಲೆಯ ಕೋಣೆಗೆ ಎಷ್ಟೇ ಕೊರತೆಯಿದ್ದರೂ ಅದರ ಹೊಸ್ತಿಲು ದಾಟಲು ಕೇರಿಯ ಹುಡುಗಿ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಪಾಠ ಕಟ್ಟಡ ಬಿಟ್ಟು ಊರೊಳಗೆ ಬಂದಾಗ ಆ ಹಕ್ಕೂ ಜೊತೆಗೆ ಬರುವಂತೆ ನೋಡಿಕೊಳ್ಳಬೇಕಿತ್ತು. ಇನ್ನು ಬಿಸಿಯೂಟ. ಶಾಲೆ ಮುಚ್ಚಿದ ಮೇಲೆ ಅದರ ಬದಲಿಗೆ ಆಹಾರಧಾನ್ಯ ಹಂಚಿದರು. ಧಾನ್ಯ ಮನೆಗೆ ಹೋಯಿತು ಸರಿ. ಮನೆಯಲ್ಲಿ ಅದು ಎಲ್ಲರ ಪಾಲು. ಶಾಲೆಯಲ್ಲಾದರೆ ತಟ್ಟೆ ಮಗುವಿನದೇ.

ಎಲ್ಲಕ್ಕಿಂತ ದೊಡ್ಡ ಲೋಪ ಶಿಕ್ಷಕರ ವಿಷಯದಲ್ಲಿ ಆಯಿತು. ಸೋಂಕು ಏರುತ್ತಿದ್ದ ತಿಂಗಳುಗಳಲ್ಲೇ ಅವರನ್ನು ಕೇರಿ ಕೇರಿಗೆ ಅಟ್ಟಲಾಯಿತು. ಬಸ್ಸು ಸರಿಯಾಗಿಲ್ಲ, ಲಸಿಕೆ ಇನ್ನೂ ಬಂದಿಲ್ಲ, ವಯಸ್ಸಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಅದೇ ಕೆಲಸ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ, ಶಿಕ್ಷಕರ ಸಾವಿನ ಸುದ್ದಿ ಬರತೊಡಗಿದಾಗ ಎದ್ದ ಸಿಟ್ಟು ನ್ಯಾಯವಾದದ್ದು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು.

ನಿಲ್ಲಿಸಿದ ರೀತಿಯ ಬಗ್ಗೆ ನನ್ನ ತಕರಾರಿದೆ. ಶುರುವಾದಾಗ ಇಡೀ ರಾಜ್ಯಕ್ಕೆ ಒಂದೇ ಆದೇಶ, ನಿಂತಾಗಲೂ ಒಂದೇ. ಸೋಂಕು ಹಬ್ಬಿದ ಊರು, ಹಬ್ಬದ ಊರು ಎಂಬ ಭೇದವಿಲ್ಲ. ಯಾವ ಊರಲ್ಲಿ ಪಾಠ ನಡೆಸಬಹುದು, ಯಾವಾಗ ತಡೆಯಬೇಕು ಎಂಬ ತೀರ್ಮಾನವನ್ನು ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ, ಆಶಾ ಕಾರ್ಯಕರ್ತೆಯರು ಕೂಡಿ ಮಾಡಬಹುದಿತ್ತು. ಮನೆ ಮನೆಯ ಜ್ವರದ ಸುದ್ದಿ ಮೊದಲು ತಿಳಿಯುತ್ತಿದ್ದುದು ಅವರಿಗೇ ತಾನೆ? ಮಕ್ಕಳನ್ನು ಮೂರು ಗುಂಪಾಗಿ ನೋಡಬಲ್ಲ ಇಲಾಖೆಗೆ ಊರುಗಳನ್ನು ಹಾಗೆ ನೋಡಲಾಗಲಿಲ್ಲ.

2021ರ ಜನವರಿ 1ರಂದು ವಿದ್ಯಾಗಮ ಪರಿಷ್ಕೃತ ರೂಪದಲ್ಲಿ ಮರಳಿತು, ಶಾಲೆಯ ಆವರಣದಲ್ಲೇ, 6ರಿಂದ 9ನೇ ತರಗತಿಯವರಿಗೆ. ಅಕ್ಷರ ಕೂಡಿಸಿ ಓದುವುದನ್ನು ಆಗಷ್ಟೇ ಕಲಿಯಬೇಕಿದ್ದ ಚಿಕ್ಕವರು ಹೊರಗೇ ಉಳಿದರು. ಒಬ್ಬರ ಪಕ್ಕ ಕೂತಲ್ಲದೆ ಕಲಿಯಲಾರದ ವಯಸ್ಸು ಅವರದು. ಆ ವರ್ಷದ ಆರಂಭದಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನಡೆದ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. 1ರಿಂದ 5ನೇ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಮುಂದಿನ ಶೈಕ್ಷಣಿಕ ವರ್ಷದಲ್ಲಿ ‘ಕಲಿಕಾ ಚೇತರಿಕೆ’ ಬಂತು. ತರಗತಿಯ ಪಾಠಕ್ಕಿಂತ ಮೊದಲು ಮಗು ಎಲ್ಲಿ ನಿಂತಿದೆ ಎಂದು ನೋಡುವ ಕ್ರಮ ಅದು. ಆ ಪ್ರಶ್ನೆಯನ್ನು ಅರಳೀಕಟ್ಟೆಯಲ್ಲಿ ಕೂತ ಶಿಕ್ಷಕರು 2020ರಲ್ಲೇ ಕೇಳತೊಡಗಿದ್ದರು. ಆ ಎರಡು ತಿಂಗಳಲ್ಲಿ ಅವರು ಕಂಡುಕೊಂಡದ್ದನ್ನು ಊರುವಾರು ಬರೆಸಿ ಇಟ್ಟಿದ್ದರೆ ಚೇತರಿಕೆಯ ಕೆಲಸ ಮೊದಲಿನಿಂದ ಶುರುವಾಗಬೇಕಿರಲಿಲ್ಲ.