ಗಾಂಧಾರಿಯ ಪ್ಲೇಟುಗಳು

ಕಾವ್ಯದ ವಯಸ್ಸಿಗೂ ಅದರ ಗುಣಕ್ಕೂ ಸಂಬಂಧವಿಲ್ಲವೆಂಬ ತತ್ತ್ವವನ್ನು ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಸೂತ್ರಧಾರನ ಬಾಯಿಂದ ಹೇಳಿಸಿದ್ದಾನಷ್ಟೆ. ಅವನು ಅಲ್ಲಿ ಬೇಡಿದ್ದು ಹೊಸ ಕವಿಗೆ ನ್ಯಾಯವನ್ನು. ಅದೇ ನ್ಯಾಯವು ಇನ್ನೊಂದು ಬಗೆಯ ಕೃತಿಗೂ ಸಲ್ಲಬೇಕಾಗಿದೆ. ಅದು ಯಾವುದೆಂದರೆ, ಮುಂದೆ ಮಹಾಕೀರ್ತಿಯನ್ನು ಪಡೆದ ಕಲಾವಿದರು ಆ ಕೀರ್ತಿಗೆ ಮೊದಲು ಮಾಡಿಟ್ಟ ಕೃತಿ. ಅಂಥದು ಬಹುಕಾಲದ ಮೇಲೆ ಕೈಗೆ ಸಿಕ್ಕಿದಾಗ ಜನರು ಅದನ್ನು ಕೇಳುವುದಿಲ್ಲ, ಅದರೊಳಗೆ ಮುಂದಿನ ಕೀರ್ತಿಯನ್ನು ಹುಡುಕುತ್ತಾರೆ. ಸಿಕ್ಕಿದರೆ ಕೊಂಡಾಡುತ್ತಾರೆ, ಸಿಕ್ಕದಿದ್ದರೆ ಎಳೆಯ ವಯಸ್ಸಿನ ಆಟವೆಂದು ಬದಿಗೆ ಸರಿಸುತ್ತಾರೆ. ಎರಡು ಪಕ್ಷದಲ್ಲಿಯೂ ಕೃತಿಯು ಮಾತ್ರ ಯಾರ ಕಿವಿಗೂ ಬೀಳದೆ ಉಳಿಯುವುದು.

ಗಂಗೂಬಾಯಿ ಹಾನಗಲ್ ಅವರ ಮೊದಲ ಗ್ರಾಮಫೋನ್ ಪ್ಲೇಟುಗಳಿಗೆ ಆಗಿರುವುದು ಇದೇ ಗತಿ. 1913ನೆಯ ಇಸವಿಯ ಮಾರ್ಚಿ 5ರಂದು ಧಾರವಾಡದಲ್ಲಿ ಹುಟ್ಟಿ, 2009ನೆಯ ಇಸವಿಯ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕಾಲವಾದ ಈ ಗಾಯಕಿಯ ಹೆಸರನ್ನು ಅರಿಯದ ಕನ್ನಡಿಗರು ವಿರಳ. 2002ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯು ಸಂದಿತು. ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಕಡೆಯ ಜನರು ಕರ್ನಾಟಕ ಪದ್ಧತಿಯ ಸಂಗೀತದಲ್ಲಿ ಬೆಳೆದವರು. ಗೌರಿಬಿದನೂರಿನ ಸೀಮೆಯಲ್ಲಿ ಚಿಂತಲಪಲ್ಲಿಯ ಗಾಯಕ ಮನೆತನದ ಹೆಸರುಂಟು. ಕೈವಾರದ ತಾತಯ್ಯನವರ ಕೀರ್ತನೆಗಳು ಮನೆಮನೆಯಲ್ಲಿಯೂ ಉಂಟು. ಹಾಗಿದ್ದರೂ ಆಕಾಶವಾಣಿಯ ದೆಸೆಯಿಂದ ಗಂಗೂಬಾಯಿಯವರ ಕಂಠವು ಇಲ್ಲಿಯ ಕಿವಿಗಳಿಗೆ ಅಪರಿಚಿತವಲ್ಲ. ತುಂಬಿದ, ಭಾರವಾದ, ಅರಿಯದವರು ಪುರುಷಕಂಠವೆಂದೇ ಭ್ರಮಿಸಬಹುದಾದ ಧ್ವನಿಯದು. ಒಂದೊಂದೇ ಸ್ವರವನ್ನು ಮುಟ್ಟಿ, ಅದರಲ್ಲಿ ನಿಂತು, ಅದರ ಒಪ್ಪಿಗೆಯನ್ನು ಪಡೆದ ಮೇಲೆಯೇ ಮುಂದಿನ ಸ್ವರಕ್ಕೆ ಹೋಗುವ ಕಿರಾಣಾ ಘರಾಣೆಯ ವಿಳಂಬಗತಿ ಅವರದು.

ಈಗ ಹಳೆಯ ಪ್ಲೇಟನ್ನು ಹಾಕಬೇಕು. 1932ರ ಸುಮಾರಿನಲ್ಲಿ, ಅವರಿಗೆ ಇನ್ನೂ ಇಪ್ಪತ್ತು ತುಂಬದೆ ಇದ್ದಾಗ, ಎಚ್. ಎಂ. ವಿ. ಕಂಪೆನಿಯವರು ಅವರ ಹಾಡಿಕೆಯನ್ನು ಮುದ್ರಿಸತೊಡಗಿದರು. ಆ ಪ್ಲೇಟುಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಹೆಸರು ಬೇರೆಯಾದಂತೆಯೇ ಕಂಠವೂ ಬೇರೆ. ಎತ್ತರದ, ತೆಳುವಾದ, ಹೊಳೆಯುವ ಹೆಣ್ಣುಧ್ವನಿ. ತಾರಸ್ಥಾಯಿಗೆ ಆಯಾಸವಿಲ್ಲದೆ ಏರುವ ಧ್ವನಿ. ತಾನುಗಳನ್ನು ಹರಳು ಚೆಲ್ಲಿದಂತೆ ಚೆಲ್ಲಿ, ಚೆಲ್ಲಿದ್ದನ್ನು ಕ್ಷಣದಲ್ಲಿ ಆಯ್ದುಕೊಳ್ಳುವ ಧ್ವನಿ. ಹಾಡಿದ್ದಾದರೂ ಮುಂದೆ ಅವರು ತಮ್ಮದೆಂದು ಇಟ್ಟುಕೊಂಡ ಖಯಾಲು ಒಂದೇ ಅಲ್ಲ. ಠುಮರಿಯುಂಟು, ಮರಾಠಿಯ ಭಾವಗೀತೆಗಳುಂಟು, ಜಿ. ಎನ್. ಜೋಷಿಯವರೊಡನೆ ಹಾಡಿದ ಯುಗಳಗೀತೆಗಳುಂಟು. ಮುಂದೆ ಗಂಟಲಿನ ರೋಗವೂ ಅದರ ಚಿಕಿತ್ಸೆಯೂ ಆ ಕಂಠವನ್ನು ತೆಗೆದುಕೊಂಡು ಇನ್ನೊಂದನ್ನು ಕೊಟ್ಟುವು. ಲಘುಗೀತೆಗಳನ್ನು ಅವರೇ ಬಿಟ್ಟುಬಿಟ್ಟರು. ಗಾಂಧಾರಿಯೆಂಬ ಹೆಸರು ಕಾಲಕ್ರಮದಲ್ಲಿ ಜನರ ಬಾಯಿಂದ ಜಾರಿತು.

ಈ ಪ್ಲೇಟುಗಳನ್ನು ವಿಮರ್ಶಿಸತಕ್ಕವನು ಮೊದಲು ಮಾಡಬೇಕಾದದ್ದು ಪಾಠಶೋಧನೆ. ತಾಳೆಗರಿಯ ಗ್ರಂಥದಲ್ಲಿ ಅಕ್ಷರವನ್ನು ನಿಶ್ಚಯಿಸದೆ ವ್ಯಾಖ್ಯಾನಕ್ಕೆ ತೊಡಗಿದವನು ಹೇಗೆ ನಗೆಗೀಡಾಗುವನೋ, ಪ್ಲೇಟಿನ ವೇಗವನ್ನು ನಿಶ್ಚಯಿಸದೆ ಕಂಠದ ಎತ್ತರವನ್ನು ಹೊಗಳಿದವನೂ ಹಾಗೆಯೇ ಆಗುವನು. ನಿಮಿಷಕ್ಕೆ 78 ಸುತ್ತು ಎಂಬುದು ಈ ಪ್ಲೇಟುಗಳಿಗೆ ಬಂದ ಹೆಸರೇ ಹೊರತು ಎಲ್ಲಕ್ಕೂ ತಪ್ಪದ ನಿಯಮವಲ್ಲ. 78ರಲ್ಲಿ ತಿರುಗಬೇಕಾದದ್ದು 83ರ ಹತ್ತಿರ ತಿರುಗಿದರೆ ಶ್ರುತಿಯು ಹಾರ್ಮೋನಿಯಮ್ಮಿನ ಪಕ್ಕದ ಮನೆಗೆ ಏರಿಬಿಡುವುದು. ಹಾಡುವವರ ವಯಸ್ಸೂ ಅದರೊಡನೆ ಇಳಿದಂತೆ ತೋರುವುದು. ಮುಳ್ಳಿನ ವಿಷಯವೂ ಹಾಗೆಯೇ. ಮುಂದೆ ಬಂದ ಉದ್ದಹಾಡಿನ ಪ್ಲೇಟಿನ ಸಣ್ಣ ಮುಳ್ಳು ಹಳೆಯ ಅಗಲವಾದ ಗೆರೆಯ ತಳದಲ್ಲಿ ಅಲೆದಾಡಿ ಕರಕರವನ್ನು ಹೆಚ್ಚಿಸುವುದಲ್ಲದೆ ಹಾಡನ್ನು ಹಿಡಿಯಲಾರದು. ಆದರೆ ಈ ಶೋಧನೆಗಳೆಲ್ಲ ಮುಗಿದ ಮೇಲೆಯೂ ಗಾಂಧಾರಿಯ ಕಂಠದ ಕಾಂತಿ ಕಾಂತಿಯಾಗಿಯೇ ಉಳಿಯುತ್ತದೆ. ವೇಗವು ಎತ್ತರವನ್ನು ಕಲ್ಪಿಸಬಲ್ಲದು. ಹಾಡಿನ ಲಾಘವವನ್ನು ಕಲ್ಪಿಸಲಾರದು.

ಎರಡನೆಯದಾಗಿ ಕೃತಿಯ ಅವಧಿಯನ್ನು ನೆನೆಯಬೇಕು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. ಮುಂದೆ ಒಂದು ರಾಗಕ್ಕೆ ಒಂದು ಗಂಟೆಯನ್ನು ಕೊಟ್ಟ ಗಾಯಕಿಯು ಇಲ್ಲಿ ಮೂರು ನಿಮಿಷದಲ್ಲಿ ಆರಂಭಿಸಿ, ಬೆಳೆಯಿಸಿ, ಮುಗಿಸಬೇಕು. ಇದನ್ನು ಕೊರತೆಯೆಂದು ಬಗೆಯುವವರು ಮುಕ್ತಕವನ್ನು ಓದಿ ಮಹಾಕಾವ್ಯವಲ್ಲವೆಂದು ದೂರುವವರ ಸಾಲಿಗೆ ಸೇರುವರು. ಅಮರುಕನ ಒಂದು ಪದ್ಯವು ನೂರು ಪ್ರಬಂಧಕ್ಕೆ ಸಮಾನವೆಂದು ಅಲಂಕಾರಿಕರು ಕೊಂಡಾಡಿದರಲ್ಲವೆ? ಮೂರು ನಿಮಿಷದ ಪ್ಲೇಟೂ ಒಂದು ಮುಕ್ತಕ. ರಾಗದ ಮುಖವನ್ನು ಮೊದಲ ಆವರ್ತದಲ್ಲಿಯೇ ತೋರಿಸಿ, ಒಂದು ಮಾತನ್ನೂ ವ್ಯರ್ಥಮಾಡದೆ, ಸಮಕ್ಕೆ ಬಂದು ನಿಲ್ಲುವುದು ಒಂದು ವಿದ್ಯೆ. ಗಾಂಧಾರಿಯು ಆ ವಿದ್ಯೆಯಲ್ಲಿ ಪಳಗಿದವರು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ಗಾಂಧಾರಿಯೂ ಗಂಗೂಬಾಯಿಯೂ ಒಬ್ಬರೇ ಆದ ಮೇಲೆ, ಮುಂದಿನ ಹಿರಿಮೆಯು ಈ ಪ್ಲೇಟುಗಳಲ್ಲಿ ಬೀಜರೂಪವಾಗಿ ಇರಲೇಬೇಕಲ್ಲವೆ? ಆ ಬೀಜವನ್ನು ಹುಡುಕುವುದೇ ವಿಮರ್ಶೆಯಲ್ಲವೆ? ಇದು ಸಾಂಖ್ಯರ ಸತ್ಕಾರ್ಯವಾದ. ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವಂತೆ ಕಾರಣದಲ್ಲಿ ಕಾರ್ಯವು ಮೊದಲೇ ಇರುವುದೆಂದು ಅವರ ಮತ. ಸೃಷ್ಟಿಯ ವಿಷಯದಲ್ಲಿ ಅದು ಎಷ್ಟು ಸಾಧುವೋ ದಾರ್ಶನಿಕರು ವಿಚಾರಿಸಲಿ. ಕಲೆಯ ವಿಷಯದಲ್ಲಿ ಅದರಿಂದ ಒಂದು ಅನ್ಯಾಯವು ಒದಗುವುದು. ಎಲ್ಲವೂ ಬೀಜದಲ್ಲಿಯೇ ಇದ್ದುದಾದರೆ ಸಾಧನೆಗೆ ಉಳಿದ ಕೆಲಸವೇನು?

ಗಂಗೂಬಾಯಿಯವರ ಜೀವನವನ್ನು ಬಲ್ಲವರು ಈ ಪ್ರಶ್ನೆಯನ್ನು ಹಗುರವಾಗಿ ಕೇಳಲಾರರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲವರು. ಮಗಳ ಹಾಡಿಕೆಯನ್ನು ಪ್ಲೇಟಿಗೆ ಇಳಿಸಿದ ಆ 1932ರಲ್ಲಿಯೇ ಅವರು ತೀರಿಕೊಂಡರು. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ಕುಂದಗೋಳದ ರಾಮಭಾವು ಅವರ ಬಳಿ ಎಡೆಬಿಡದ ಶಿಕ್ಷಣವು ದೊರೆತದ್ದು ಅನಂತರದ ವರ್ಷಗಳಲ್ಲಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಅಷ್ಟರ ಮೇಲೆ ಕಂಠವೇ ಬದಲಾಯಿತು. ಗಾಯಕಿಗೆ ಕಂಠವು ಹೋಗುವುದೆಂದರೆ ನೇಕಾರನಿಗೆ ಕೈ ಹೋದಂತೆ. ಉಳಿದ ಕಂಠವನ್ನು ಮರೆಮಾಡದೆ, ಹಿಂದಿನದನ್ನು ಅನುಕರಿಸದೆ, ಆ ಭಾರಕ್ಕೆ ತಕ್ಕ ಗಾನವನ್ನು ಅವರು ಕಟ್ಟಿಕೊಂಡರು. ಅದು ಪ್ಲೇಟಿನಲ್ಲಿ ಮೊದಲೇ ಇದ್ದಿತೆನ್ನುವುದು ಆ ಸಾಧನೆಗೆ ಅಪಚಾರ. ಇಲ್ಲಿ ನೈಯಾಯಿಕರ ಮಾತೇ ಸರಿ. ಗಡಿಗೆಯು ಮಣ್ಣಿನಲ್ಲಿ ಅಡಗಿರಲಿಲ್ಲ, ಕುಂಬಾರನ ಕೈಯಿಂದ ಹೊಸದಾಗಿ ಆಯಿತು. ಗಂಗೂಬಾಯಿಯವರ ಹಿರಿಮೆಯು ಗಾಂಧಾರಿಯ ಪ್ಲೇಟಿನಲ್ಲಿ ಇಲ್ಲ. ಇಲ್ಲವೆಂದು ಒಪ್ಪಿದಾಗಲೇ ಇಬ್ಬರಿಗೂ ಮರ್ಯಾದೆ.

ಧಾರವಾಡದ ಸೀಮೆಯಲ್ಲಿಯೇ ಇದಕ್ಕೆ ಇನ್ನೊಂದು ನಿದರ್ಶನವಿದೆ. ಮಲ್ಲಿಕಾರ್ಜುನ ಮನ್ಸೂರರನ್ನು ಜನರು ಜೈಪುರ ಘರಾಣೆಯ ಅಪೂರ್ವ ರಾಗಗಳ ಒಡೆಯರೆಂದು ಬಲ್ಲರು. ಆದರೆ ಅವರ ಮೊದಲ ಪ್ಲೇಟುಗಳಲ್ಲಿ ಕೇಳಿಬರುವುದು ನೀಲಕಂಠಬುವಾ ಅವರಿಂದ ಕಲಿತ ಗ್ವಾಲಿಯರ್ ಪದ್ಧತಿ. ಮಂಜೀಖಾನರ ಶಿಷ್ಯರಾದದ್ದು ಆಮೇಲೆ. ಅಲ್ಲಿ ಜೈಪುರವನ್ನು ಹುಡುಕುವವನು ಗ್ವಾಲಿಯರನ್ನೂ ಕಳೆದುಕೊಳ್ಳುವನು.

ಹುಡುಕಾಟದ ಈ ಚಪಲವು ವ್ಯಾಪಾರದ ಕೈಗೆ ಸಿಕ್ಕಿದರೆ ಏನಾಗುವುದೆಂಬುದನ್ನು ದೂರದ ಅಮೆರಿಕದ ಒಂದು ಸಂಗತಿಯು ತೋರಿಸುತ್ತದೆ. ಅಲ್ಲಿ ಜಿಮಿ ಹೆಂಡ್ರಿಕ್ಸ್ (1942–1970) ಎಂಬ ಗಿಟಾರ್ ವಾದಕನಿದ್ದನು. ವಿದ್ಯುತ್ತಿನ ಗಿಟಾರಿಗೆ ಹೊಸ ನುಡಿಯನ್ನೇ ಕಲಿಸಿದವನೆಂದು ರಾಕ್ ಸಂಗೀತದವರು ಇಂದಿಗೂ ಅವನನ್ನು ಸ್ಮರಿಸುತ್ತಾರೆ. ಈ ಕೀರ್ತಿಗೆ ಮೊದಲು ಅವನು ಕರಿಯರ ರಿದಮ್ ಅಂಡ್ ಬ್ಲೂಸ್ ಎಂಬ ಸಂಗೀತದಲ್ಲಿ ಪಕ್ಕವಾದ್ಯದವನಾಗಿದ್ದನು. 1964ರಲ್ಲಿ ಐಸ್ಲಿ ಸಹೋದರರಿಗೆ, ಮರುವರ್ಷ ಲಿಟಲ್ ರಿಚರ್ಡನಿಗೆ, ಬಳಿಕ ಕರ್ಟಿಸ್ ನೈಟ್ ಎಂಬುವನ ಮೇಳಕ್ಕೆ ನುಡಿಸಿದನು. 1965ರ ಅಕ್ಟೋಬರಿನಲ್ಲಿ ಒಂದು ಡಾಲರಿಗೂ ನೂರಕ್ಕೆ ಒಂದರ ಪಾಲಿಗೂ ಒಪ್ಪಿ ಒಂದು ಕರಾರಿಗೆ ರುಜು ಹಾಕಿದನು. 1967ರಲ್ಲಿ ಅವನ ಹೆಸರು ಲೋಕವಿಖ್ಯಾತವಾಯಿತು. ಕೂಡಲೇ ಆ ಹಳೆಯ ಮುದ್ರಣಗಳು ಅವನ ಚಿತ್ರವನ್ನು ಹೊದಿಕೆಯ ಮೇಲೆ ಹೊತ್ತು ಅಂಗಡಿಗೆ ಬಂದುವು. ಕೊಂಡವರು ನಾಯಕನನ್ನು ನಿರೀಕ್ಷಿಸಿದರು. ಸಿಕ್ಕಿದವನು ಇನ್ನೊಬ್ಬನ ಹಾಡಿಗೆ ಒತ್ತಾಸೆಯಾಗಿ ನಿಂತ ಪಕ್ಕವಾದ್ಯದವನು. ಮೋಸಹೋದೆವೆಂದು ಪ್ಲೇಟನ್ನೇ ಬೈದರು. ತಪ್ಪು ಪ್ಲೇಟಿನದೆ? ವ್ಯಾಜ್ಯವು ದಶಕಗಳವರೆಗೆ ನಡೆಯಿತು. 2015ರಲ್ಲಿ ಅವನ ಕುಟುಂಬದವರ ಸಂಸ್ಥೆಯು ಅವೇ ಮುದ್ರಣಗಳನ್ನು ಶೋಧಿಸಿ, ಕರ್ಟಿಸ್ ನೈಟನ ಹೆಸರನ್ನು ಮುಂದಿಟ್ಟು ಹೊರತಂದಿತು. ಪಕ್ಕವಾದ್ಯವನ್ನು ಪಕ್ಕವಾದ್ಯವೆಂದು ಕೇಳಿದಾಗ ಅದರ ಸೊಗಸು ತಾನೇ ತೋರಿತು. ಹಾಡಿಗೆ ಎಡೆಬಿಟ್ಟು ನುಡಿಸುವ ವಿನಯ, ಎಡೆ ಸಿಕ್ಕಿದಾಗ ಒಂದೇ ಮೀಟಿನಲ್ಲಿ ಮಿಂಚುವ ಚಾತುರ್ಯ ಇವು ನಾಯಕನಾದ ಮೇಲೆ ಅವನಿಗೆ ಬೇಕಾಗದೆ ಹೋದ ಗುಣಗಳು.

ಈ ಮಾತಿಗೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕಾಣಬಹುದು. ರೇಷ್ಮೆಯ ಗೂಡಿನಿಂದ ಚಿಟ್ಟೆಯು ಹೊರಬರಬೇಕೆಂದು ಕಾದು ಕುಳಿತರೆ ಚಿಟ್ಟೆಯು ಬರುವುದು ನಿಜ. ಆದರೆ ತೂತಾದ ಗೂಡಿನಿಂದ ಎಳೆ ಕಡಿಯದೆ ನೂಲು ಬಿಚ್ಚಲು ಆಗದು. ಬೀಜಕ್ಕೆ ಬೇಕಾದವನು ಚಿಟ್ಟೆಯನ್ನು ಕಾಯಲಿ, ಅದಕ್ಕೂ ಸ್ಥಾನವುಂಟು. ನೂಲು ಬೇಕಾದವನು ಗೂಡನ್ನು ಗೂಡಾಗಿಯೇ ತೆಗೆದುಕೊಳ್ಳಬೇಕು. ಚರಿತ್ರಕಾರನು ಗಾಂಧಾರಿಯಲ್ಲಿ ಗಂಗೂಬಾಯಿಯನ್ನು ಕಾಯುವವನು. ಸಹೃದಯನಾದರೋ ನೂಲು ಬಿಚ್ಚುವವನು; ಅವನಿಗೆ ಆ ಮೂರು ನಿಮಿಷದ ಎಳೆಯು ಕಡಿಯದೆ ಕೈಗೆ ಬಂದರೆ ಸಾಕು.

ಪ್ಲೇಟೂ ಹುಳುವಿನ ಕೊಡುಗೆಯೇ. ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಹಿಡಿದಿಟ್ಟಿರುವುದು ಅರಗಿನ ಹುಳುವಿನಿಂದ ಬಂದ ಅರಗು. ಪಾಂಡವರಿಗೆಂದು ಕೌರವರು ಕಟ್ಟಿಸಿದ ಮನೆಯ ಅರಗು. ಅದರ ಬಾಳೂ ಆ ಮನೆಯಷ್ಟೇ ಅಭದ್ರ. ಬಿದ್ದರೆ ಒಡೆಯುವುದು, ಬಿಸಿಲಿಗೆ ಬಾಗುವುದು, ಕೊಳೆ ತೆಗೆಯಲೆಂದು ಸ್ಪಿರಿಟ್ಟನ್ನು ಸವರಿದರೆ ಕರಗುವುದು. ಮುಂಬಯಿಯಲ್ಲಿ 1990ರಲ್ಲಿ ಸ್ಥಾಪಿತವಾದ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘದಂಥ ಸಂಸ್ಥೆಗಳು ಗುಜರಿಯ ಪಾಲಾಗಬೇಕಾಗಿದ್ದ ಎಷ್ಟೋ ಪ್ಲೇಟುಗಳ ವಿವರವನ್ನು ಉಳಿಸಿವೆ. ಈ ನಾಲ್ಕು ಊರುಗಳ ಹಳೆಯ ಮನೆಗಳ ಅಟ್ಟದಲ್ಲಿಯೂ ತುತ್ತೂರಿಯ ಗ್ರಾಮಫೋನಿನ ಜೊತೆಗೆ ಬಂದ ಪ್ಲೇಟುಗಳು ಇರಬಹುದು. ಅವನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು; ಒಣಬಟ್ಟೆಯಿಂದ ಮೆಲ್ಲಗೆ ಒರಸಬೇಕು; ಮೇಲಿನ ಚೀಟಿಯಲ್ಲಿ ಏನಿದೆಯೋ ಅದನ್ನು ಅಕ್ಷರ ಬಿಡದೆ ಬರೆದಿಡಬೇಕು. ಹಾಡಿದವರದು ಪ್ರಸಿದ್ಧವಾದ ಹೆಸರೇ ಆಗಬೇಕೆಂಬ ನಿಯಮವಿಲ್ಲ.

ಕಡೆಯದಾಗಿ ಹೆಸರಿನ ಮಾತು. ಹಳೆಯ ಹಾಡುಗಳು ಹೊಸ ಹೊದಿಕೆಯಲ್ಲಿ ಬರುವಾಗ ದೊಡ್ಡಕ್ಷರದಲ್ಲಿ ಅಚ್ಚಾಗುವುದು ಗಂಗೂಬಾಯಿಯೆಂದು. ಕೊಳ್ಳುವವರಿಗೆ ಗುರುತು ಸಿಕ್ಕಬೇಕಾದುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಅದರ ಪಕ್ಕದಲ್ಲಿ ಅಷ್ಟೇ ದೊಡ್ಡಕ್ಷರದಲ್ಲಿ ಗಾಂಧಾರಿಯೆಂಬುದೂ ಇರತಕ್ಕದ್ದು. ತಬಲೆಯನ್ನೂ ಹಾರ್ಮೋನಿಯಮ್ಮನ್ನೂ ನುಡಿಸಿದವರು ತಿಳಿದಿದ್ದರೆ ಅವರ ಹೆಸರೂ ಇರತಕ್ಕದ್ದು. ಗಂಗೂಬಾಯಿಯವರು ತೊಂಬತ್ತಾರು ವರ್ಷ ಬಾಳಿ ಲೋಕದ ಮನ್ನಣೆಯನ್ನು ಕಣ್ಣಾರೆ ಕಂಡರು. ಗಾಂಧಾರಿಯ ಕಂಠವು ಕೆಲವು ವರ್ಷ ಮಾತ್ರ ಬಾಳಿತು. ಅರಗಿನ ಮೇಲಿನ ಗೆರೆಯನ್ನು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ. ಆ ಮನೆಯ ಬಾಗಿಲಲ್ಲಿ ಅದರ ಹೆಸರನ್ನು ಅಳಿಸದೆ ಉಳಿಸುವುದು ಕೇಳುವವರು ಸಲ್ಲಿಸಬೇಕಾದ ಋಣ.