ಸಾಲು ಒಡೆದರೆ ಪದ್ಯವೇ?

‘ಮಗಳು ಬಂದಳು ಮನೆಗೆ ನೆನೆಯುತ, ಬಗಲ ಚೀಲವ ಕಳಚಿ ಇಟ್ಟಳು.’ ಇದನ್ನೊಮ್ಮೆ ಗಟ್ಟಿಯಾಗಿ ಓದಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಗದುಗಿನ ಕುಮಾರವ್ಯಾಸ ಮಹಾಭಾರತದ ಮೊದಲ ಹತ್ತು ಪರ್ವಗಳನ್ನು ಹಾಡಿದ ಭಾಮಿನಿ ಷಟ್ಪದಿಯ ನಡೆ ಇದೇ. ಎರಡೂ ಸಾಲಿನ ಎರಡನೆಯ ಅಕ್ಷರ ‘ಗ’ ಆಗಿರುವುದರಿಂದ ಆದಿಪ್ರಾಸವೂ ಕೂಡಿಬಂತು. ಲೆಕ್ಕವೆಲ್ಲ ಸರಿ, ಕವಿತೆ ಮಾತ್ರ ಎಲ್ಲೂ ಇಲ್ಲ. ಮಳೆಯಲ್ಲಿ ಬಂದ ಹುಡುಗಿಯ ವರದಿ, ಅಷ್ಟೆ.

ಛಂದಸ್ಸು ಪದ್ಯ ಕಟ್ಟಿಕೊಟ್ಟೀತು, ಕಾವ್ಯಕ್ಕೆ ಜಾಮೀನು ನಿಲ್ಲದು.

ಸಾಲು ಒಡೆದಿರುವುದನ್ನಂತೂ ನಂಬುವಂತೆಯೇ ಇಲ್ಲ. ತಾಳೆಗರಿಯಲ್ಲಿ ಲಿಪಿಕಾರರು ಈ ಅಂಚಿನಿಂದ ಆ ಅಂಚಿಗೆ ಎಡೆಬಿಡದೆ ಬರೆದುಕೊಂಡು ಹೋಗುತ್ತಿದ್ದರು. ಷಟ್ಪದಿಗೂ ಅದೇ ಗತಿ, ವಚನಕ್ಕೂ ಅದೇ. ಷಟ್ಪದಿಯನ್ನು ಅಚ್ಚಿಗಿಳಿಸುವಾಗ ಮಾತ್ರೆ, ಪ್ರಾಸಗಳೇ ಸಾಲಿನ ತುದಿ ತೋರಿಸುತ್ತವೆ. ವಚನಕ್ಕೆ ಅಂಥ ಗುರುತಿಲ್ಲ. ವಚನಗಳನ್ನು ಕಲೆಹಾಕಿ ಅಚ್ಚಿಗಿಳಿಸಿದ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ 1923ರಲ್ಲಿ ಹೊರಬಂತು. ಇಂದಿನ ಪುಸ್ತಕಗಳಲ್ಲಿ ಕಾಣುವ ವಚನದ ಸಾಲುಗಳು ಬಹುಮಟ್ಟಿಗೆ ಸಂಪಾದಕರ ಕಿವಿ ಕಂಡುಕೊಂಡವು.

ಹಾಗಾದರೆ ವಚನ ಗದ್ಯವೇ? ಬಸವಣ್ಣನವರ ಒಂದು ವಚನವನ್ನು ಬೇಕೆಂದೇ ಒಂದೇ ಪ್ಯಾರಾ ಮಾಡಿ ಬರೆದುಕೊಂಡು ಓದಿ ನೋಡಬೇಕು. ಎಷ್ಟೋ ವಚನಗಳಲ್ಲಿ ಒಂದೇ ಎರಕದ ವಾಕ್ಯ ಎರಡು ಮೂರು ಸಲ ಬೇರೆ ಬೇರೆ ಚಿತ್ರ ಹೊತ್ತು ಬರುತ್ತದೆ. ಕಿವಿ ಇನ್ನೊಂದಕ್ಕೆ ಕಾಯುತ್ತಿರುವಾಗಲೇ ಮಾತು ಸರಕ್ಕನೆ ಕೂಡಲಸಂಗಮದೇವನತ್ತ ತಿರುಗಿಬಿಡುತ್ತದೆ. ಪ್ಯಾರಾ ಮಾಡಿದರೂ ಆ ತಿರುವು ಅಳಿಸಿಹೋಗದು. ಅದೇ ವಚನದ ಸಾರಾಂಶ ಬರೆದರೆ ನೀತಿ ಉಳಿಯುತ್ತದೆ, ವಚನ ಜಾರಿಹೋಗುತ್ತದೆ. ದಿನಪತ್ರಿಕೆಯ ಸುದ್ದಿಯನ್ನು ಸಾರಾಂಶ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಈ ಸಾರಾಂಶದ ಪರೀಕ್ಷೆಯಲ್ಲಿ ಕೆಲವು ಗದ್ಯಗಳೂ ಕಾವ್ಯದ ಪಂಕ್ತಿಗೆ ಬಂದು ಕೂರುತ್ತವೆ. ಮುದ್ದಣನ ‘ಶ್ರೀರಾಮಾಶ್ವಮೇಧಂ’ ಕೃತಿಯಲ್ಲಿ ಹೆಂಡತಿ ಮನೋರಮೆ ತನಗೆ ಪದ್ಯ ಬೇಡ, ಗದ್ಯವೇ ಸಾಕೆಂದು ಹಟ ಹಿಡಿಯುತ್ತಾಳೆ. ಸಿಕ್ಕಿದ್ದೇನೋ ಗದ್ಯವೇ, ಆದರೆ ಆ ಗಂಡಹೆಂಡಿರ ಸರಸವನ್ನು ಸಾರಾಂಶ ಮಾಡಹೊರಟವರ ಕೈಗೆ ಏನೂ ದಕ್ಕದು.

ಈ ವ್ಯತ್ಯಾಸ ಹಿಡಿಯುವಂತೆ ಕಿವಿ ಪಳಗಲು ಕಾವ್ಯವಾಚನದ ಕಲೆಯಾದ ಗಮಕಕ್ಕಿಂತ ಒಳ್ಳೆಯ ದಾರಿ ಇಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇದಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿ ಪದ್ಯವನ್ನು ರಾಗದಲ್ಲಿ ವಾಚಿಸಿದರೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದನ್ನೇ ಗದ್ಯದಲ್ಲಿ ಬಿಡಿಸಿ ಹೇಳುತ್ತಾರೆ. ಪದ್ಯ ಗದ್ಯಗಳು ಹೀಗೆ ಒಂದರ ಬೆನ್ನಿಗೊಂದು ಕೇಳಸಿಗುವುದು ಅಪರೂಪ. ಅರ್ಥವೆಲ್ಲ ತಿಳಿದ ಮೇಲೂ ಪದ್ಯ ಮತ್ತೊಮ್ಮೆ ಬರಲಿ ಅನ್ನಿಸುತ್ತದೆಯೇ ಎಂಬುದನ್ನು ಹೊಸಬರು ಗಮನಿಸುತ್ತಿರಬೇಕು.