ಹುಲಿಯನ್ನು ಕಟ್ಟಿಹಾಕುವ ಕುರಿಗಳು

ಗೋವಿನಕೋವಿಯಂಥ ಊರಿನಲ್ಲಿ ಹುಲಿ-ಕುರಿ ಆಟಕ್ಕೆ ಕಾಸು ಖರ್ಚಿಲ್ಲ. ಕಟ್ಟೆಯ ಚಪ್ಪಡಿಯ ಮೇಲೆ ಇದ್ದಿಲಿನಿಂದ ಒಂದು ತ್ರಿಕೋನ, ಅದನ್ನು ಅಡ್ಡ ಸೀಳುವ ಗೆರೆಗಳು. ಪಟ ಊರಿಂದೂರಿಗೆ ಬದಲಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಪಟಕ್ಕೆ 23 ಮನೆ; ಗೆರೆ ಕೂಡುವ ಜಾಗವೇ ಮನೆ. 3 ಕಲ್ಲು ಹುಲಿ, 15 ಹುಣಸೆಬೀಜ ಕುರಿ.

ಎರಡು ಪಕ್ಷ ಸಮವಲ್ಲದಿರುವುದೇ ಇದರ ಸೊಗಸು. ಪಕ್ಕದ ಕುರಿಯ ಆಚೆ ಮನೆ ಖಾಲಿಯಿದ್ದರೆ ಹುಲಿ ಹಾರಿ ತಿನ್ನುತ್ತದೆ. ಕುರಿ ಯಾರನ್ನೂ ತಿನ್ನುವುದಿಲ್ಲ. ಹುಲಿಗೆ ಕದಲಲು ಜಾಗವಿಲ್ಲದಂತೆ ಮಾಡಬೇಕು, ಅಷ್ಟೇ. ಅದೂ ಎಲ್ಲ ಕುರಿ ಪಟಕ್ಕೆ ಇಳಿಯುವ ತನಕ ಒಂದನ್ನೂ ಜರುಗಿಸುವಂತಿಲ್ಲ! ಹಾಗಾಗಿ ಪಳಗಿದವರು ಅಂಚು ಹಿಡಿಯುತ್ತಾರೆ, ಒಂದರ ಬೆನ್ನಿಗೆ ಇನ್ನೊಂದನ್ನು ಕೂರಿಸುತ್ತಾರೆ, ಬೇಕೆಂದೇ ಒಂದನ್ನು ಬಲಿಕೊಟ್ಟು ಹುಲಿಯನ್ನು ಮೂಲೆಗೆಳೆಯುತ್ತಾರೆ. ನನಗೆ ಯಾವಾಗಲೂ ಕುರಿಯ ಕಡೆಯೇ ಇಷ್ಟ. ಹುಲಿ ಆಡಿಸಲು ಹಸಿವು ಸಾಕು.

ಜಪಾನಿನ ಗೋ ಆಟದಲ್ಲೂ ಕಲ್ಲಿಡುವುದು ಗೆರೆ ಕೂಡುವಲ್ಲೇ, ಸೆರೆ ಹಿಡಿಯುವುದು ಸುತ್ತುವರಿದೇ. ಅಲ್ಲಿ 19 ಗೆರೆಗೆ 19 ಗೆರೆ, 361 ಜಾಗ. ಅಲ್ಲಿನ ಹೊನಿನ್‌ಬೊ ಬಿರುದಿನ ಪಂದ್ಯಾವಳಿಯನ್ನು ಮೈನಿಚಿ ಪತ್ರಿಕೆ ಪೋಷಿಸುತ್ತದೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿ ಹಾಶಿಮೊಟೊ, ಇವಾಮೊಟೊ ಆ ಬಿರುದಿಗೆ ಆಡುತ್ತಿದ್ದಾಗ ಬಾಂಬಿನ ಹೊಡೆತಕ್ಕೆ ಕಲ್ಲುಗಳು ಚದುರಿದವು. ಮತ್ತೆ ಜೋಡಿಸಿಕೊಂಡು ಅಂದೇ ಆಟ ಮುಗಿಸಿದರು.

ನಮ್ಮ ಕುರಿಗಳಿಗೆ ಬಿರುದಿಲ್ಲ, ಪೋಷಕರಿಲ್ಲ. ಮಣೆಯಾಟಗಳೆಂದರೆ ಪ್ರಾಣ ಬಿಡುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದಿದ್ದರೆ ಮೈಸೂರಿನಲ್ಲಿ ಒಂದು ಪಂದ್ಯಾವಳಿ ನಡೆಸುತ್ತಿದ್ದರೇನೋ.